ವಿಜ್ಞಾನ ಪ್ರಶ್ನೋತ್ತರ: ಈ ಸಲ ಮ್ಯೂಯಾನ್

ಪ್ರಶ್ನೆ: ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ನಡೆದ ಮ್ಯೂಯಾನ್ ಪ್ರಯೋಗದ ಬಗ್ಗೆ 2021ರಲ್ಲಿ ‘ಪ್ರಕೃತಿಯಲ್ಲಿ ಹೊಸ ಬಲದ ಸುಳಿವು’ ಎಂದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. 2025ರಲ್ಲಿ ಅದೇ ಪ್ರಯೋಗದ ಕೊನೆಯ ಫಲಿತಾಂಶ ಬಂದಾಗ ‘ಸಿದ್ಧಾಂತಕ್ಕೂ ಅಳತೆಗೂ ತಾಳೆಯಾಗಿದೆ’ ಎಂದರು. ಹಾಗಾದರೆ ಮೊದಲನೆಯ ಅಳತೆ ತಪ್ಪಾಗಿತ್ತೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಇಲ್ಲ, ಅಳತೆ ಸರಿಯಾಗಿಯೇ ಇತ್ತು. ಬದಲಾದದ್ದು ಅದರ ಪಕ್ಕದಲ್ಲಿಟ್ಟು ನೋಡುವ ಸೈದ್ಧಾಂತಿಕ ಲೆಕ್ಕ. ಪತ್ರಿಕೆಗಳು ಈ ವ್ಯತ್ಯಾಸವನ್ನು ಆಗಲೂ ಸರಿಯಾಗಿ ಹೇಳಲಿಲ್ಲ, ಈಗಲೂ ಹೇಳುತ್ತಿಲ್ಲ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ಮ್ಯೂಯಾನ್ ಎಂದರೆ ಇಲೆಕ್ಟ್ರಾನಿನಂಥದ್ದೇ ಕಣ, ತೂಕ ಮಾತ್ರ ಅದರ ಸುಮಾರು 207 ಪಟ್ಟು. ಸರಾಸರಿ 2.2 ಮೈಕ್ರೊಸೆಕೆಂಡು ಬದುಕುತ್ತದೆ. ಅದೊಂದು ಪುಟ್ಟ ಅಯಸ್ಕಾಂತವೂ ಹೌದು. ಕಾಂತಕ್ಷೇತ್ರದಲ್ಲಿಟ್ಟರೆ ಅದರ ಅಕ್ಷ ಬುಗುರಿಯ ಅಕ್ಷದಂತೆ ಸುತ್ತು ಹಾಕುತ್ತದೆ. ಎಷ್ಟು ವೇಗವಾಗಿ ಸುತ್ತುತ್ತದೆ ಎಂಬುದನ್ನು ‘ಜಿ’ ಎಂಬ ಸಂಖ್ಯೆ ಹೇಳುತ್ತದೆ. ಸರಳ ಲೆಕ್ಕದಲ್ಲಿ ಜಿ ಸರಿಯಾಗಿ 2 ಆಗಬೇಕು. ಆದರೆ ನಿರ್ವಾತವೆಂದು ನಾವು ಕರೆಯುವ ಜಾಗದಲ್ಲಿ ಕ್ಷಣಮಾತ್ರ ಹುಟ್ಟಿ ಅಳಿಯುವ ಎಲ್ಲ ಬಗೆಯ ಕಣಗಳೂ ಮ್ಯೂಯಾನನ್ನು ತುಸು ತಟ್ಟುತ್ತವೆ. ಅದರಿಂದ ಜಿ 2ಕ್ಕಿಂತ ಚೂರು ಹೆಚ್ಚು. ಆ ಹೆಚ್ಚುವರಿಯ ಅರ್ಧಭಾಗವನ್ನು ಅಳೆಯುವುದೇ ಪ್ರಯೋಗ. ನಮಗೆ ತಿಳಿಯದ ಕಣವೊಂದು ಇದ್ದರೆ ಅದೂ ತನ್ನ ಪಾಲನ್ನು ಸೇರಿಸಿರುತ್ತದೆ. ಆಸಕ್ತಿಗೆ ಕಾರಣ ಇದೇ.

ಅಳೆಯುವ ರೀತಿ ಹೀಗಿದೆ. ಸುಮಾರು 14 ಮೀಟರ್ ವ್ಯಾಸದ ಉಂಗುರದಲ್ಲಿ 1.45 ಟೆಸ್ಲಾ ಕಾಂತಕ್ಷೇತ್ರ. ಈ ಉಂಗುರ ಮೊದಲು ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿತ್ತು. 2013ರಲ್ಲಿ ಅದರ ಅತಿವಾಹಕ ಸುರುಳಿಗಳನ್ನು ಬಿಚ್ಚದೆ, ಇಡಿಯಾಗಿಯೇ, ಸಮುದ್ರ ಮತ್ತು ನದಿಗಳ ಮೂಲಕ ಸುಮಾರು 5,000 ಕಿ.ಮೀ. ಸಾಗಿಸಿ ಶಿಕಾಗೊ ಬಳಿಯ ಫರ್ಮಿಲ್ಯಾಬ್‌ಗೆ ತಂದರು. ಉಂಗುರದೊಳಗೆ 3.094 ಗಿಗಾ ಇಲೆಕ್ಟ್ರಾನ್‌ವೋಲ್ಟ್ ಸಂವೇಗದ ಧನ ಮ್ಯೂಯಾನ್‌ಗಳನ್ನು ಬಿಡುತ್ತಿದ್ದರು. ಇದೇ ಸಂವೇಗ ಏಕೆ? ಕಣಗಳು ಮೇಲೆ ಕೆಳಗೆ ಚದುರದಂತೆ ಹಿಡಿದಿಡಲು ಒಳಗೆ ವಿದ್ಯುತ್ ಕ್ಷೇತ್ರ ಬೇಕು. ಆ ಕ್ಷೇತ್ರವೂ ಅಕ್ಷದ ಸುತ್ತಾಟವನ್ನು ಕೆಡಿಸುತ್ತದೆ. ಈ ಒಂದು ಸಂವೇಗದಲ್ಲಿ ಮಾತ್ರ ಅದರ ಪರಿಣಾಮ ಬಹುಮಟ್ಟಿಗೆ ಸೊನ್ನೆ. ಇಷ್ಟು ವೇಗದಲ್ಲಿ ಮ್ಯೂಯಾನಿನ ಆಯಸ್ಸು ನಮ್ಮ ಗಡಿಯಾರದಲ್ಲಿ 64 ಮೈಕ್ರೊಸೆಕೆಂಡಿಗೆ ಹಿಗ್ಗುವುದು ಇನ್ನೊಂದು ಅನುಕೂಲ.

ಮ್ಯೂಯಾನ್ ಸತ್ತಾಗ ಪಾಸಿಟ್ರಾನ್, ಅಂದರೆ ಧನ ಆವೇಶದ ಇಲೆಕ್ಟ್ರಾನ್, ಹೊರಬರುತ್ತದೆ. ಹೆಚ್ಚು ಶಕ್ತಿಯ ಪಾಸಿಟ್ರಾನ್‌ಗಳು ಮ್ಯೂಯಾನಿನ ಅಕ್ಷ ಯಾವ ಕಡೆ ಮುಖ ಮಾಡಿತ್ತೋ ಆ ಕಡೆಗೇ ಹೆಚ್ಚಾಗಿ ಹಾರುತ್ತವೆ. ಉಂಗುರದ ಒಳಬದಿಯಲ್ಲಿ ಕಣಗಳ ಶಕ್ತಿ ಅಳೆಯುವ 24 ಕ್ಯಾಲೊರಿಮೀಟರ್‌ಗಳಿದ್ದವು. ಒಂದೊಂದರಲ್ಲೂ ಲೆಡ್ ಫ್ಲೋರೈಡಿನ 54 ಹರಳುಗಳು. ಬಂದ ಪಾಸಿಟ್ರಾನ್‌ಗಳನ್ನು ಎಣಿಸುತ್ತ ಹೋದರೆ ಎಣಿಕೆ ಪ್ರತಿ 4.37 ಮೈಕ್ರೊಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ. ಆ ಏರಿಳಿತದ ಆವರ್ತನ ಒಂದು ಕೈಯಲ್ಲಿ, ಕಾಂತಕ್ಷೇತ್ರದ ನಿಖರ ಬೆಲೆ ಇನ್ನೊಂದು ಕೈಯಲ್ಲಿ. ಎರಡರ ಅನುಪಾತವೇ ಉತ್ತರ. ಕ್ಷೇತ್ರವನ್ನು ಅಳೆಯಲು ಉಂಗುರದ ಸುತ್ತ 378 ಎನ್‌ಎಂಆರ್ ಪ್ರೋಬ್‌ಗಳನ್ನು (ಪ್ರೋಟಾನ್‌ಗಳ ಸುತ್ತಾಟದಿಂದ ಕ್ಷೇತ್ರ ತಿಳಿಸುವ ಉಪಕರಣಗಳು) ಕೂರಿಸಿದ್ದರು. 17 ಪ್ರೋಬ್‌ಗಳ ಒಂದು ಟ್ರಾಲಿ ಆಗಾಗ ಮ್ಯೂಯಾನ್‌ಗಳ ದಾರಿಯಲ್ಲೇ ಒಂದು ಸುತ್ತು ಬರುತ್ತಿತ್ತು. ಪ್ರೋಬ್‌ಗಳೊಳಗೆ ತುಂಬಿದ್ದು ಪೆಟ್ರೋಲಿಯಂ ಜೆಲ್ಲಿ. ನೀರಿನಂತೆ ಅದು ಆವಿಯಾಗುವುದಿಲ್ಲ, ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಶುದ್ಧ ನೀರಿನ ಮಾದರಿಯೊಂದಿಗೆ ತಾಳೆ ನೋಡುವ ಕೆಲಸವನ್ನು ಬೇರೆಯಾಗಿ ಮಾಡುತ್ತಿದ್ದರು.

ಕೆಟ್ಟದ್ದೂ ಉಂಟು. ಮೊದಲ ವರ್ಷದ ದತ್ತಾಂಶದಲ್ಲಿ ವಿದ್ಯುತ್ ಕ್ಷೇತ್ರದ ಫಲಕಗಳಿಗೆ ಹೋಗುವ 32 ರೆಸಿಸ್ಟರ್‌ಗಳ ಪೈಕಿ ಎರಡು ಹಾಳಾಗಿದ್ದವು. ಫಲಕಗಳು ಪೂರ್ಣ ವೋಲ್ಟೇಜಿಗೆ ಏರಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಹೀಗಾಗಿ ಎಣಿಕೆ ನಡೆಯುತ್ತಿರುವಾಗಲೇ ಕಣಗಳ ಗುಂಪು ಮೆಲ್ಲಗೆ ಜಾಗ ಬದಲಿಸುತ್ತಿತ್ತು. ಇದಕ್ಕೆ ಪ್ರತ್ಯೇಕ ತಿದ್ದುಪಡಿ ಹಾಕಬೇಕಾಯಿತು, ಆ ತಿದ್ದುಪಡಿಯ ಅನಿಶ್ಚಿತತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಯಿತು. ಹಾಲ್‌ನ ಉಷ್ಣತೆ ಹಗಲು ರಾತ್ರಿ ಏರಿಳಿದಂತೆ ಅಯಸ್ಕಾಂತದ ಕಬ್ಬಿಣ ಹಿಗ್ಗಿ ಕುಗ್ಗಿ ಕ್ಷೇತ್ರ ಅಲುಗುತ್ತಿತ್ತು. ಆಮೇಲೆ ಅಯಸ್ಕಾಂತಕ್ಕೆ ಶಾಖ ತಡೆಯುವ ಹೊದಿಕೆ ಸುತ್ತಿದರು, ರೆಸಿಸ್ಟರ್‌ಗಳನ್ನು ಬದಲಿಸಿದರು.

ಈಗ ಸಂಖ್ಯೆಗಳಿಗೆ ಬನ್ನಿ. 2021ರಲ್ಲಿ ಬ್ರೂಕ್‌ಹೇವನ್ ಮತ್ತು ಫರ್ಮಿಲ್ಯಾಬ್ ಎರಡನ್ನೂ ಸೇರಿಸಿದ ಅಳತೆ 0.00116592061. ಆಗಿನ ಸಿದ್ಧಾಂತದ ಲೆಕ್ಕ 0.00116591810. ಈ ಅಂತರ 4.2 ಸಿಗ್ಮಾ, ಅಂದರೆ ಎರಡರ ಒಟ್ಟು ಅನಿಶ್ಚಿತತೆಯ 4.2 ಪಟ್ಟು. 2025ರ ಜೂನ್‌ನಲ್ಲಿ ಪ್ರಕಟವಾದ ಫರ್ಮಿಲ್ಯಾಬ್‌ನ ಕೊನೆಯ ಅಳತೆ 0.001165920705, ಅನಿಶ್ಚಿತತೆ ನೂರು ಕೋಟಿಯಲ್ಲಿ 127 ಭಾಗ. ನೋಡಿ, ಅಳತೆ ಇದ್ದಲ್ಲೇ ನಿಂತಿದೆ, ಇನ್ನಷ್ಟು ಗಟ್ಟಿಯಾಗಿದೆ. ಸಿದ್ಧಾಂತದ ಲೆಕ್ಕ ಮಾತ್ರ 2025ರ ಮೇ ತಿಂಗಳಲ್ಲಿ 0.00116592033ಕ್ಕೆ ಏರಿತು.

ಏರಿದ್ದು ಏಕೆ? ಕ್ವಾರ್ಕ್‌ಗಳು (ಪ್ರೋಟಾನಿನಂಥ ಕಣಗಳ ಒಳಗಿನ ಮೂಲಕಣಗಳು) ಕೊಡುವ ಪಾಲನ್ನು ಕಾಗದ ಪೆನ್ನಿನಿಂದ ಲೆಕ್ಕ ಹಾಕಲಾಗದು. ಹಿಂದೆ ಇಲೆಕ್ಟ್ರಾನ್–ಪಾಸಿಟ್ರಾನ್ ಡಿಕ್ಕಿಗಳ ದತ್ತಾಂಶದಿಂದ ಆ ಪಾಲನ್ನು ಪಡೆಯುತ್ತಿದ್ದರು. 2023ರಲ್ಲಿ ರಷ್ಯದ ನೊವೊಸಿಬಿರ್‌ಸ್ಕ್‌ನ ಸಿಎಂಡಿ-3 ಪ್ರಯೋಗ ಕೊಟ್ಟ ದತ್ತಾಂಶ ಹಳೆಯ ಪ್ರಯೋಗಗಳದ್ದಕ್ಕೆ ಹೊಂದಲಿಲ್ಲ. ಇತ್ತ ಸೂಪರ್‌ಕಂಪ್ಯೂಟರ್‌ನಲ್ಲಿ ನೇರವಾಗಿ ಮಾಡುವ ‘ಲ್ಯಾಟಿಸ್’ ಲೆಕ್ಕಗಳು ಒಂದಕ್ಕೊಂದು ಹೊಂದಿಕೊಂಡವು. 2025ರ ಲೆಕ್ಕ ಈ ಲ್ಯಾಟಿಸ್ ಫಲಿತಾಂಶಗಳ ಮೇಲೆ ನಿಂತಿದೆ, ಮತ್ತು ಅದರ ಅನಿಶ್ಚಿತತೆ ಪ್ರಯೋಗದ ಅನಿಶ್ಚಿತತೆಗಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು. ಡಿಕ್ಕಿಯ ದತ್ತಾಂಶಗಳು ತಮ್ಮತಮ್ಮಲ್ಲೇ ಏಕೆ ಜಗಳವಾಡುತ್ತಿವೆ ಎಂಬುದು ಇನ್ನೂ ಬಗೆಹರಿದಿಲ್ಲ. ಆದ್ದರಿಂದ 2021ರಲ್ಲಿ ‘ಹೊಸ ಬಲ ಸಿಕ್ಕಿತು’ ಎಂದದ್ದು ಎಷ್ಟು ಅವಸರವೋ, ಈಗ ‘ಏನೂ ಇಲ್ಲ’ ಎಂದು ಕಡತ ಮುಚ್ಚುವುದೂ ಅಷ್ಟೇ ಅವಸರ. ಜಪಾನಿನ ಜೆ-ಪಾರ್ಕ್‌ನಲ್ಲಿ ತಣ್ಣಗಿನ ಮ್ಯೂಯಾನ್‌ಗಳನ್ನು 66 ಸೆಂ.ಮೀ. ವ್ಯಾಸದ ಪುಟ್ಟ ಕಕ್ಷೆಯಲ್ಲಿ, ಹಿಡಿದಿಡುವ ವಿದ್ಯುತ್ ಕ್ಷೇತ್ರವೇ ಇಲ್ಲದೆ ಸುತ್ತಿಸಿ ಅಳೆಯುವ ಸಿದ್ಧತೆ ನಡೆದಿದೆ. ದಾರಿ ಪೂರ್ತಿ ಬೇರೆಯಾದ್ದರಿಂದ ಅದರ ಉತ್ತರಕ್ಕೆ ಬಹಳ ಬೆಲೆಯಿದೆ.

ಪ್ರಶ್ನೆ: ವಿಜ್ಞಾನಿಗಳು ತಮ್ಮ ಉತ್ತರವನ್ನು ತಾವೇ ಮುಚ್ಚಿಟ್ಟುಕೊಂಡು ಲೆಕ್ಕ ಮಾಡುತ್ತಾರಂತೆ. ಹೇಗೆ, ಏಕೆ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಉತ್ತರ: ಹೌದು, ಮೇಲೆ ಹೇಳಿದ ಪ್ರಯೋಗದಲ್ಲೂ ಹಾಗೆಯೇ ಮಾಡಿದರು. ಎಲ್ಲ ಕಾಲವನ್ನೂ ಅಳೆಯುವ ಮೂಲ ಗಡಿಯಾರದ ಆವರ್ತನ ಸುಮಾರು 40 ಮೆಗಾಹರ್ಟ್ಸ್. ಅದನ್ನು ಗುಟ್ಟಾಗಿ ತುಸು ಬದಲಿಸಿದ್ದರು. ನಿಜವಾದ ಬೆಲೆ ತಂಡಕ್ಕೆ ಸೇರದ ಇಬ್ಬರಿಗೆ ಮಾತ್ರ ಗೊತ್ತು, ಅದನ್ನು ಬರೆದು ಲಕೋಟೆಯಲ್ಲಿ ಮುಚ್ಚಿಟ್ಟಿದ್ದರು. ಹೀಗಾಗಿ ವಿಶ್ಲೇಷಣೆ ಮಾಡುವವರ ಕೈಗೆ ಸಿಗುವ ಉತ್ತರ ಯಾವಾಗಲೂ ತಿಳಿಯದಷ್ಟು ಸರಿದಿರುತ್ತದೆ. ತಿದ್ದುಪಡಿಗಳೆಲ್ಲ ಮುಗಿದು, ‘ಇನ್ನು ಏನನ್ನೂ ಬದಲಿಸುವುದಿಲ್ಲ’ ಎಂದು ತಂಡದ ಎಲ್ಲರೂ ಒಪ್ಪಿದ ಮೇಲೆಯೇ ಲಕೋಟೆ ಒಡೆಯುವುದು.

ಇದು ಮೋಸ ತಡೆಯುವ ಉಪಾಯವಲ್ಲ. ಉತ್ತರ ನಿರೀಕ್ಷೆಗೆ ದೂರವಿದ್ದಾಗ ನಾವು ತಪ್ಪು ಹುಡುಕುತ್ತಲೇ ಇರುತ್ತೇವೆ, ಹತ್ತಿರ ಬಂದ ಕೂಡಲೇ ಹುಡುಕುವುದನ್ನು ನಿಲ್ಲಿಸುತ್ತೇವೆ. ಪ್ರಾಮಾಣಿಕರಲ್ಲೂ ಇರುವ ಈ ಸ್ವಭಾವಕ್ಕೆ ಮದ್ದು ಇದೊಂದೇ.

ಪ್ರಶ್ನೆ: ನಮ್ಮ ಎಂ.ಎಸ್ಸಿ. ಪ್ರಯೋಗಾಲಯದಲ್ಲಿ ಕಣ ಹಾಯ್ದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರ್ ಬಳಸಿ ಮ್ಯೂಯಾನಿನ ಆಯಸ್ಸನ್ನು ಅಳೆಯುತ್ತೇವೆ. ಪುಸ್ತಕದಲ್ಲಿ 2.197 ಮೈಕ್ರೊಸೆಕೆಂಡ್ ಇದೆ, ನಮಗೆ ಪದೇ ಪದೇ 2.1 ಬರುತ್ತದೆ. ಕೆಲವೊಮ್ಮೆ 3ರ ಮೇಲೂ ಹೋಗುತ್ತದೆ. ಉಪಕರಣ ಕೆಟ್ಟಿದೆಯೇ?
— ಭೌತಶಾಸ್ತ್ರ ಉಪನ್ಯಾಸಕರು, ಹಾಸನ

ಉತ್ತರ: 2.1 ಬಂದರೆ ಸಂತೋಷಪಡಿ ಸರ್, ಅದು ಸರಿಯಾದ ಉತ್ತರ. ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದು ಹುಟ್ಟಿಸುವ, ಆಕಾಶದಿಂದ ಬರುವ ಮ್ಯೂಯಾನ್‌ಗಳಲ್ಲಿ ಧನ, ಋಣ ಎರಡೂ ಇವೆ. ಧನ ಮ್ಯೂಯಾನ್‌ಗಳು ಸುಮಾರು ಕಾಲುಭಾಗದಷ್ಟು ಹೆಚ್ಚು. ಸಿಂಟಿಲೇಟರಿನಲ್ಲಿ ನಿಂತ ಋಣ ಮ್ಯೂಯಾನನ್ನು ಇಂಗಾಲದ ಪರಮಾಣು ಹಿಡಿದುಕೊಳ್ಳುತ್ತದೆ. ಅಲ್ಲಿ ಅದು ಸಹಜವಾಗಿ ಸಾಯುವ ಮುನ್ನ ನ್ಯೂಕ್ಲಿಯಸ್ ಅದನ್ನು ನುಂಗುವ ಸಾಧ್ಯತೆಯೂ ಇರುವುದರಿಂದ ಸರಾಸರಿ ಆಯಸ್ಸು 2.03ಕ್ಕೆ ಇಳಿಯುತ್ತದೆ. ಎರಡೂ ಬೆರೆತಾಗ 2.12ರ ಆಸುಪಾಸು ಬರಬೇಕು. ಅಲ್ಯೂಮಿನಿಯಮ್ಮಿನಲ್ಲಾದರೆ ಋಣ ಮ್ಯೂಯಾನಿನ ಆಯಸ್ಸು 0.86, ಕಬ್ಬಿಣದಲ್ಲಿ ಬರೀ 0.2 ಮೈಕ್ರೊಸೆಕೆಂಡ್. ವಿದ್ಯಾರ್ಥಿಗಳಿಗೆ 2.197 ತೋರಿಸಲೇಬೇಕು ಎಂದು ದತ್ತಾಂಶವನ್ನು ಎಳೆದಾಡಬೇಡಿ, ಈ ವ್ಯತ್ಯಾಸವನ್ನೇ ಪಾಠ ಮಾಡಿ.

3ರ ಮೇಲೆ ಹೋಗುವುದು ಮಾತ್ರ ದೋಷ. ಬಹುಪಾಲು ಸಲ ಕಾರಣ ಆಕಸ್ಮಿಕ ಜೋಡಿಗಳು. ಸಂಬಂಧವಿಲ್ಲದ ಎರಡು ಮ್ಯೂಯಾನ್‌ಗಳು 20 ಮೈಕ್ರೊಸೆಕೆಂಡಿನೊಳಗೆ ಬಂದರೆ ಉಪಕರಣ ಅದನ್ನೂ ಒಂದು ಸಾವೆಂದು ದಾಖಲಿಸುತ್ತದೆ. ಸೆಕೆಂಡಿಗೆ 6 ಪಲ್ಸ್ ಇದ್ದರೆ ಇಂಥ ಸುಳ್ಳು ಜೋಡಿಗಳು ಗಂಟೆಗೆ ಎರಡೋ ಮೂರೋ, ಪರವಾಗಿಲ್ಲ. ಚಿಕ್ಕ ಪಲ್ಸ್ ಬಿಟ್ಟು ದೊಡ್ಡವನ್ನು ಮಾತ್ರ ಎಣಿಸುವ ಡಿಸ್ಕ್ರಿಮಿನೇಟರಿನ ಮಿತಿಯನ್ನು ತೀರ ಕೆಳಗಿಳಿಸಿ ಸೆಕೆಂಡಿಗೆ 100 ಪಲ್ಸ್ ಆದರೆ ಗಂಟೆಗೆ 700 ದಾಟುತ್ತವೆ, ಏಕೆಂದರೆ ಸಂಖ್ಯೆ ದರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಈ ಜೋಡಿಗಳು ಎಲ್ಲ ಕಾಲದಲ್ಲೂ ಸಮನಾಗಿ ಹರಡಿಕೊಳ್ಳುತ್ತವೆ. ಗ್ರಾಫಿನ ಬಾಲವನ್ನು ಎತ್ತಿ ಆಯಸ್ಸು ಉದ್ದವಾದಂತೆ ತೋರಿಸುತ್ತವೆ. ಫಿಟ್ ಮಾಡುವಾಗ ಘಾತೀಯ ಪದದ ಜೊತೆಗೆ ಒಂದು ಸ್ಥಿರಾಂಕವನ್ನೂ ಬಿಟ್ಟುಕೊಡಿ. 12 ಮೈಕ್ರೊಸೆಕೆಂಡಿನ ಆಚೆಗೆ ಬಹುತೇಕ ಆಕಸ್ಮಿಕಗಳೇ ಇರುವುದರಿಂದ ಆ ಸ್ಥಿರಾಂಕ ಚೆನ್ನಾಗಿ ಸಿಗುತ್ತದೆ.

ಗ್ರಾಫಿನ ಎಡತುದಿಯೂ ಕಾಟ ಕೊಡುತ್ತದೆ. ಕೇಬಲ್ಲಿನ ಕೊನೆಗೆ 50 ಓಮ್ ಹಾಕದಿದ್ದರೆ ಪಲ್ಸ್ ಪ್ರತಿಫಲಿಸಿ ಮರಳುತ್ತದೆ. 10 ಮೀಟರ್ ಕೇಬಲ್ ಇದ್ದರೆ ಸುಮಾರು 100 ನ್ಯಾನೊಸೆಕೆಂಡಿಗೆ ಒಂದು ಸುಳ್ಳು ಗುಡ್ಡ ಏಳುತ್ತದೆ. ಮಿನುಗನ್ನು ವಿದ್ಯುತ್ ಪಲ್ಸ್ ಆಗಿಸುವ ಫೋಟೊಮಲ್ಟಿಪ್ಲೈಯರ್ ಕೊಳವೆಯೊಳಗೆ ಉಳಿದ ಅನಿಲದಿಂದಲೂ ಒಂದು ಪಲ್ಸಿನ ಹಿಂದೆಯೇ ಇನ್ನೊಂದು ಚಿಕ್ಕ ಪಲ್ಸ್ ಹುಟ್ಟುತ್ತದೆ. ಅದಕ್ಕೇ ಫಿಟ್ಟನ್ನು 1 ಮೈಕ್ರೊಸೆಕೆಂಡಿನಿಂದಾಚೆಗೆ ಶುರು ಮಾಡುವುದು ಲೇಸು. ಬೆಳಕಿನ ಸೋರಿಕೆ ಪರೀಕ್ಷಿಸಲು ಕೋಣೆಯ ದೀಪ ಹಾಕಿ ಒಮ್ಮೆ, ಆರಿಸಿ ಒಮ್ಮೆ ಎಣಿಕೆ ನೋಡಿ. ವ್ಯತ್ಯಾಸ ಕಂಡರೆ ಕಪ್ಪು ಟೇಪಿನ ಕೆಲಸ ಬಾಕಿಯಿದೆ ಎಂದರ್ಥ. ಇನ್ನು ಎಷ್ಟು ದಿನ ಓಡಿಸಬೇಕು ಎಂದರೆ, 1,000 ಸಾವುಗಳು ಸಿಕ್ಕರೆ ಶೇ. 3ರಷ್ಟು ನಿಖರತೆ, 10,000 ಸಿಕ್ಕರೆ ಶೇ. 1. ಇಂಗಾಲದ ಪರಿಣಾಮ ಶೇ. 3–4ರಷ್ಟು ಮಾತ್ರ. 1,000ಕ್ಕೇ ನಿಲ್ಲಿಸಿದರೆ ಅದು ಕಾಣುವುದಿಲ್ಲ.

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗೆ ಇಂಥ ಕಣಗಳನ್ನು ಕಣ್ಣಿಗೆ ಕಾಣುವಂತೆ ತೋರಿಸಬಹುದೇ? ಕ್ಲೌಡ್ ಚೇಂಬರ್ ಮಾಡಲು ಹೋಗಿ ಬರೀ ಮಂಜು ಕಂಡಿತು.
— ವಿಜ್ಞಾನ ಶಿಕ್ಷಕಿ, ಶಿರಸಿ

ಉತ್ತರ: ಖಂಡಿತ ತೋರಿಸಬಹುದು ಮೇಡಂ. ಮಂಜು ಕಂಡಿತು ಎಂದರೆ ಅರ್ಧ ದಾರಿ ಬಂದಿದ್ದೀರಿ.

ಬೇಕಾದದ್ದು: ಸುಮಾರು 30×20 ಸೆಂ.ಮೀ. ತಳದ ಗಾಜಿನ ಮೀನಿನ ತೊಟ್ಟಿ, ಅದರ ಬಾಯಿಗಿಂತ ತುಸು ದೊಡ್ಡದಾದ 2–3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆ, 3–4 ಸೆಂ.ಮೀ. ಅಗಲದ ಫೆಲ್ಟ್ ಪಟ್ಟಿ, ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ 40 ಮಿ.ಲೀ.ನಷ್ಟು, 2–3 ಕೆ.ಜಿ. ಡ್ರೈ ಐಸ್, ಥರ್ಮಾಕೋಲ್ ಟ್ರೇ, ಒಂದು ಒಳ್ಳೆಯ ಎಲ್‌ಇಡಿ ಟಾರ್ಚ್. ಹಾಳೆಯ ಮೇಲ್ಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿ. ಫೆಲ್ಟನ್ನು ತೊಟ್ಟಿಯ ತಳದ ಒಳಬದಿಗೆ ತಂತಿಯಿಂದಲೋ ಸಣ್ಣ ಅಯಸ್ಕಾಂತಗಳಿಂದಲೋ ನಿಲ್ಲಿಸಿ. ಅಂಟು ಬಳಸಿದರೆ ಆಲ್ಕೊಹಾಲಿಗೆ ಬಿಟ್ಟುಕೊಂಡು ಬೀಳಬಹುದು. ಫೆಲ್ಟ್ ಚೆನ್ನಾಗಿ ನೆನೆಯಲಿ, ಆದರೆ ತೊಟ್ಟಿಕ್ಕಬಾರದು. ಡ್ರೈ ಐಸನ್ನು ಪುಡಿ ಮಾಡಿ ಟ್ರೇಯಲ್ಲಿ ಸಮತಟ್ಟಾಗಿ ಹರಡಿ, ಅದರ ಮೇಲೆ ಹಾಳೆ, ಹಾಳೆಯ ಮೇಲೆ ತೊಟ್ಟಿಯನ್ನು ಬೋರಲು ಹಾಕಿ. ಅಂಚಿನ ಸಂದುಗಳನ್ನು ಮಕ್ಕಳು ಆಡುವ ಕ್ಲೇನಿಂದ ಮುಚ್ಚಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ, ಹಾಳೆಗೆ ಒರಗಿದಂತೆ ಹಿಡಿಯಿರಿ. 10–15 ನಿಮಿಷ ಕಾಯಬೇಕು.

ಮೇಲಿನ ಬೆಚ್ಚಗಿನ ಫೆಲ್ಟಿನಿಂದ ಆವಿ ಇಳಿದು, ಮೈನಸ್ 78 ಡಿಗ್ರಿಯ ಡ್ರೈ ಐಸ್ ತಣ್ಣಗಾಗಿಸಿದ ಹಾಳೆಯ ಬಳಿ ಹನಿಯಾಗಲು ಹವಣಿಸುತ್ತಿರುತ್ತದೆ. ಕಣವೊಂದು ಹಾದುಹೋದರೆ ಅದು ಬಿಟ್ಟುಹೋದ ಅಯಾನುಗಳ ಮೇಲೆ ಹನಿಗಟ್ಟಿ ಬಿಳಿ ಗೆರೆ ಮೂಡುತ್ತದೆ. ಇದು ನಡೆಯುವುದು ತಳದ ಸುಮಾರು ಒಂದು ಸೆಂ.ಮೀ. ಪದರದಲ್ಲಿ ಮಾತ್ರ.

ಬರೀ ಮಂಜು ಕಾಣಲು ಮುಖ್ಯ ಕಾರಣಗಳು ಮೂರು. ಒಂದು, ಆಲ್ಕೊಹಾಲ್ ಶೇ. 70ರದ್ದಾಗಿರುವುದು. ಔಷಧದ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಅದೇ, ಆದರೆ ಅದರಲ್ಲಿನ ನೀರು ಕೆಲಸ ಕೆಡಿಸುತ್ತದೆ. ಸ್ಯಾನಿಟೈಸರ್ ಅಂತೂ ಬೇಡವೇ ಬೇಡ. ಎರಡು, ಗಾಳಿ ಸೋರುವುದು. ಮಂಜು ಹೊಗೆಯಂತೆ ಸುಳಿಯುತ್ತಿದ್ದರೆ ಎಲ್ಲೋ ಸಂದಿದೆ. ಸರಿಯಿದ್ದರೆ ಸಣ್ಣ ಹನಿಗಳು ನೆಟ್ಟಗೆ ಜಿನುಗುತ್ತವೆ. ಮೂರು, ಡ್ರೈ ಐಸ್ ದಪ್ಪ ಗಟ್ಟಿಗಳಾಗಿದ್ದು ಹಾಳೆಗೆ ಅಲ್ಲಲ್ಲಿ ಮಾತ್ರ ತಾಗುವುದು. ಇಷ್ಟೆಲ್ಲ ಸರಿಯಿದ್ದೂ ಗೆರೆ ಮಸುಕಾಗಿದ್ದರೆ ಒಣಬಟ್ಟೆಗೆ ಉಜ್ಜಿದ ಪ್ಲಾಸ್ಟಿಕ್ ಸ್ಕೇಲನ್ನು ತೊಟ್ಟಿಯ ಮೇಲೆ ಹಿಡಿದು ನೋಡಿ. ಹಳೆಯ ಅಯಾನುಗಳು ಸರಿದು ಹೊಸ ಗೆರೆಗಳು ಸ್ಪಷ್ಟವಾಗುತ್ತವೆ.

ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂ.ಮೀ. ಮೂಲಕ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್ ಹಾಯುತ್ತದೆ. ನಿಮ್ಮ ತೊಟ್ಟಿಯಲ್ಲಿ ನಿಮಿಷಕ್ಕೆ 600 ಕಾಣಬೇಕಿತ್ತಲ್ಲ? ಬಹುಪಾಲು ಮ್ಯೂಯಾನ್‌ಗಳು ಮೇಲಿನಿಂದ ನೇರವಾಗಿ ಇಳಿಯುತ್ತವೆ. ಆ ತೆಳು ಪದರವನ್ನು ಲಂಬವಾಗಿ ದಾಟಿ ಚುಕ್ಕೆಯಷ್ಟೇ ಗುರುತು ಬಿಡುತ್ತವೆ. ಓರೆಯಾಗಿ ಬಂದವು ಮಾತ್ರ ಉದ್ದನೆಯ, ಕೂದಲೆಳೆಯಂಥ ನೇರ ಗೆರೆ ಎಳೆಯುತ್ತವೆ. ದಪ್ಪಗೆ, ನಾಲ್ಕೈದು ಸೆಂ.ಮೀ.ಗೇ ಮುಗಿಯುವ ಗೆರೆಗಳು ಕೋಣೆಯ ಗಾಳಿಯಲ್ಲಿರುವ ರೇಡಾನ್‌ನಿಂದ ಬಂದ ಆಲ್ಫಾ ಕಣಗಳು. ಅಂಕುಡೊಂಕಾಗಿ ಅಲೆಯುವುವು ಕಡಿಮೆ ಶಕ್ತಿಯ ಇಲೆಕ್ಟ್ರಾನ್‌ಗಳು.

ಎಚ್ಚರಿಕೆ: ಡ್ರೈ ಐಸನ್ನು ಬರಿಗೈಯಲ್ಲಿ ಮುಟ್ಟಬಾರದು, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಬಾರದು, ಸಿಡಿಯುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬದಂತೆ ಒಂದು ಕಿಟಕಿ ತೆರೆದಿರಲಿ, ಪರದೆ ಎಳೆದರೆ ಸಾಕು. ಆಲ್ಕೊಹಾಲಿನ ಬಳಿ ಬೆಂಕಿ ಬೇಡ. ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟರೂ ಡ್ರೈ ಐಸ್ ದಿನಕ್ಕೆ ಕೆಲವು ಕೆ.ಜಿ. ಆವಿಯಾಗಿಬಿಡುತ್ತದೆ. ಊರು ದೂರವಿದ್ದರೆ ದುಪ್ಪಟ್ಟು ತರಿಸಿ, ತಂದ ದಿನವೇ ಪ್ರಯೋಗ ಮಾಡಿ.

ಪ್ರಶ್ನೆ: ನ್ಯೂಟ್ರಿನೊ ಮೊದಲು ಸಿಕ್ಕಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಎಂಬುದು ನಿಜವೇ?
— ಓದುಗರು, ಬಂಗಾರಪೇಟೆ

ಉತ್ತರ: ಪೂರ್ತಿ ನಿಜವಲ್ಲ, ಆದರೆ ಹೆಮ್ಮೆಪಡುವಷ್ಟು ನಿಜ ಇದೆ. ನ್ಯೂಟ್ರಿನೊ (ಯಾವುದೇ ವಸ್ತುವನ್ನು ಬಹುತೇಕ ತಡೆಯಿಲ್ಲದೆ ಹಾದುಹೋಗುವ, ಆವೇಶವಿಲ್ಲದ ಕಣ) ಮೊದಲು ಸಿಕ್ಕಿದ್ದು 1956ರಲ್ಲಿ, ಅಮೆರಿಕದ ಪರಮಾಣು ರಿಯಾಕ್ಟರ್ ಬಳಿ. ವಾತಾವರಣದಲ್ಲಿ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ನ್ಯೂಟ್ರಿನೊ ಮೊದಲು ಕಂಡದ್ದು 1965ರಲ್ಲಿ, ಕೆಜಿಎಫ್‌ನಲ್ಲಿ ಮತ್ತು ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ. ಎರಡೂ ತಂಡಗಳ ವರದಿಗಳು ಅದೇ ಆಗಸ್ಟ್‌ನಲ್ಲಿ ಪ್ರಕಟವಾದವು. ಕೆಜಿಎಫ್ ಪ್ರಯೋಗ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯ ಸೇರಿ ನಡೆಸಿದ್ದು. ಅಲ್ಲಿನ ಗಣಿಗಳಲ್ಲಿ ಮ್ಯೂಯಾನ್ ಅಳೆಯುವ ಕೆಲಸವನ್ನು 1950ರ ದಶಕದ ಆರಂಭದಲ್ಲೇ ಶುರು ಮಾಡಿದವರು ನಮ್ಮ ನಾಡಿನವರೇ ಆದ ಬಿ.ವಿ. ಶ್ರೀಕಂಠನ್.

ಉಪಾಯ ಸರಳ, ಆದರೆ ಬಹಳ ಜಾಣತನದ್ದು. ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿ.ಮೀ. ಆಳಕ್ಕೆ ಹೋದರೆ ಮೇಲಿನ ಮ್ಯೂಯಾನ್‌ಗಳಲ್ಲಿ ಕೋಟಿಗೊಂದೂ ಉಳಿಯುವುದಿಲ್ಲ. ಆ ಉಳಿದವು ಮೇಲಿನಿಂದಲೇ ಬರುತ್ತವೆ. ಅಡ್ಡಲಾಗಿ ಬರಬೇಕಾದರೆ ಹತ್ತಾರು ಕಿ.ಮೀ. ಬಂಡೆ ಕೊರೆಯಬೇಕು, ಅದು ಸಾಧ್ಯವಿಲ್ಲ. ಆದ್ದರಿಂದ ಸಿಂಟಿಲೇಟರುಗಳನ್ನು ಎದುರುಬದುರು ಗೋಡೆಗಳಂತೆ ನಿಲ್ಲಿಸಿ, ನಡುವೆ ಕಣ ಹಾಯ್ದ ಜಾಡು ಬೆಳಗಿ ತೋರಿಸುವ ನಿಯಾನ್ ಫ್ಲ್ಯಾಶ್ ಟ್ಯೂಬ್‌ಗಳನ್ನಿಟ್ಟು, ಅಡ್ಡಲಾಗಿ ಹಾಯುವ ಮ್ಯೂಯಾನಿಗಾಗಿ ಕಾದರು. ಹಾಗೆ ಬಂದದ್ದು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಒಂದು ಡಿಕ್ಕಿ ಹೊಡೆದು ಹುಟ್ಟಿಸಿದ ಮ್ಯೂಯಾನೇ ಆಗಿರಬೇಕು. ಗಣಿ 2001ರಲ್ಲಿ ಮುಚ್ಚಿತು. ಪ್ರಯೋಗಗಳು ಅದಕ್ಕೂ ಮೊದಲೇ ನಿಂತಿದ್ದವು. ಅಷ್ಟು ಆಳದ ಪ್ರಯೋಗಾಲಯವೊಂದನ್ನು ಕಳೆದುಕೊಂಡದ್ದು ದೇಶಕ್ಕೆ ದೊಡ್ಡ ನಷ್ಟ.

ಪ್ರಶ್ನೆ: ಊಟಿಯಲ್ಲಿ ಮ್ಯೂಯಾನ್ ಎಣಿಸಿ ಗುಡುಗುಮೋಡದ ವೋಲ್ಟೇಜ್ ಕಂಡುಹಿಡಿದರಂತೆ. ಮೋಡಕ್ಕೂ ಮ್ಯೂಯಾನಿಗೂ ಏನು ಸಂಬಂಧ?
— ಕಾಲೇಜು ವಿದ್ಯಾರ್ಥಿ, ಚಾಮರಾಜನಗರ

ಉತ್ತರ: ಊಟಿಯ ಗ್ರೇಪ್ಸ್-3 ಪ್ರಯೋಗದಲ್ಲಿ ಎರಡು ಮೀಟರ್ ಕಾಂಕ್ರೀಟಿನ ಕೆಳಗೆ 6 ಮೀಟರ್ ಉದ್ದದ 3,712 ಪ್ರೊಪೋರ್ಷನಲ್ ಕೌಂಟರ್‌ಗಳಿವೆ (ಕಣ ಹಾಯ್ದರೆ ಪಲ್ಸ್ ಕೊಡುವ, ಅನಿಲ ತುಂಬಿದ ಕೊಳವೆಗಳು). ನಾಲ್ಕು ಪದರಗಳಲ್ಲಿ ಅಡ್ಡಡ್ಡ, ಉದ್ದುದ್ದ ಜೋಡಿಸಿರುವುದರಿಂದ ಪ್ರತಿ ಮ್ಯೂಯಾನ್ ಯಾವ ದಿಕ್ಕಿನಿಂದ ಬಂತೆಂದೂ ತಿಳಿಯುತ್ತದೆ. ಮೋಡದೊಳಗಿನ ವಿದ್ಯುತ್ ಕ್ಷೇತ್ರ ಒಂದು ಆವೇಶದ ಮ್ಯೂಯಾನ್‌ಗೆ ಶಕ್ತಿ ಕೊಟ್ಟರೆ ಇನ್ನೊಂದರಿಂದ ಕಿತ್ತುಕೊಳ್ಳುತ್ತದೆ. ಶಕ್ತಿ ಸಾಲದವು ಕಾಂಕ್ರೀಟ್ ದಾಟಿ ಎಣಿಕೆಗೆ ಬರುವುದಿಲ್ಲ. ಎರಡೂ ಸಮಸಂಖ್ಯೆಯಲ್ಲಿದ್ದಿದ್ದರೆ ಒಂದರ ಏರಿಕೆ ಇನ್ನೊಂದರ ಇಳಿಕೆಗೆ ಬಹುಮಟ್ಟಿಗೆ ಸರಿಹೋಗುತ್ತಿತ್ತು. ಧನ ಮ್ಯೂಯಾನ್‌ಗಳೇ ಹೆಚ್ಚಾದ್ದರಿಂದ ಒಟ್ಟು ಎಣಿಕೆಯಲ್ಲಿ ಸಣ್ಣ ವ್ಯತ್ಯಾಸ ಉಳಿಯುತ್ತದೆ.

2014ರ ಡಿಸೆಂಬರ್ 1ರ ಗುಡುಗುಮಳೆಯಲ್ಲಿ ಹೀಗೆ ಎಣಿಕೆ ಶೇ. 2ರಷ್ಟು ಬದಲಾಯಿತು. ಅಷ್ಟು ವ್ಯತ್ಯಾಸ ಬರಬೇಕಾದರೆ ಮೋಡದಲ್ಲಿ ಎಷ್ಟು ವೋಲ್ಟೇಜ್ ಇರಬೇಕು ಎಂದು ಕಂಪ್ಯೂಟರ್ ಮಾದರಿಯಲ್ಲಿ ಹುಡುಕಿದಾಗ ಬಂದ ಉತ್ತರ 1.3 ಗಿಗಾವೋಲ್ಟ್, ಅಂದರೆ 130 ಕೋಟಿ ವೋಲ್ಟ್. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಬಲೂನು ಅಥವಾ ವಿಮಾನ ಕಳಿಸಿದರೆ ಮೋಡದ ಒಂದು ಗೆರೆಯಷ್ಟು ಜಾಗದ ಕ್ಷೇತ್ರ ಮಾತ್ರ ತಿಳಿಯುತ್ತದೆ. ಮ್ಯೂಯಾನ್‌ಗಳು ಇಡೀ ಮೋಡವನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಹೊತ್ತಿಗೆ ದಾಟಿ ಬರುತ್ತವೆ. ಇಲ್ಲೂ ಒಂದು ತೊಡಕಿದೆ: ಗಾಳಿಯ ಒತ್ತಡ ಏರಿಳಿದರೂ ಮ್ಯೂಯಾನ್ ಎಣಿಕೆ ಬದಲಾಗುತ್ತದೆ. ಒತ್ತಡದ ದಾಖಲೆ ನೋಡಿ ಆ ಪಾಲನ್ನು ಮೊದಲು ಕಳೆದುಕೊಳ್ಳದಿದ್ದರೆ ಹವೆಯ ಏರಿಳಿತವನ್ನೇ ವೋಲ್ಟೇಜ್ ಎಂದು ಓದಿಕೊಳ್ಳುವ ಅಪಾಯವಿದೆ.